ಮೂವತ್ತೊಂಬತ್ತಕ್ಕೆ ಹನ್ನೊಂದು

ಇನ್ವರ್ಕಾರ್ಗಿಲ್ಲಿನ ಜುಲೈ. ಶೆಡ್ಡಿನ ಬಾಗಿಲ ಸಂದಿಯಿಂದ
ಧ್ರುವದ ಹಿಮ ಸವರಿ ಬಂದ ತೆಂಕಣ ಗಾಳಿ;
ಸ್ಪ್ಯಾನರು ಹಿಡಿದರೆ ಬೆರಳಿಗೇ ಅಂಟುತ್ತದೆ.
ಬಾಲ ಎತ್ತಿ ನಿಂತ ಹಳೆಯ ಫಾಲ್ಕನ್,
ಅದರಡಿ ಅಂಗಾತ ನಾನು, ಅರವತ್ತೆಂಟರ ಫರ್ಗಸ್,
ಎಡಗಿವಿಯನ್ನು ಗೇರುಗಳಿಗೆ ದಾನ ಕೊಟ್ಟವನು.

ಕಾರು ಒಂದು, ಒಡತಿಯರು ಇಬ್ಬರು.

ತಾಯಿ ಐಲ್ಸಾ ಕುರಿ ದಲ್ಲಾಳಿ.
ತುಟಿ ಮಡಚಿ, ಹಲ್ಲು ಎಣಿಸಿ, ಪ್ರಾಯ ಹೇಳಬಲ್ಲಳು.
ವಾರಕ್ಕೈದು ದಿನ ಗೋರ್‌ಗೆ ಹೋಗಿ ಬರುತ್ತಾಳೆ.
'ನೂರರಲ್ಲಿ ಓಡುವಾಗ ಎಂಜಿನ್ನು
ಎರಡೂವರೆ ಸಾವಿರ ಸುತ್ತಿಗೆ ಗೊಣಗಿಕೊಂಡಿರಲಿ,
ರೇಡಿಯೋದಲ್ಲಿ ಉಣ್ಣೆಯ ಧಾರಣೆ ಕೇಳಬೇಕು ನನಗೆ.'

ಮಗಳು ಕಿರ್ಸ್ಟಿಗೆ ಶನಿವಾರದ ಟೆರೆಟೊಂಗಾ ಒಂದೇ ಊರು.
'ಅಮ್ಮನ ಗೇರಿನಲ್ಲಿ ತಿರುವು ಮುಗಿಸಿದರೆ
ಕಾರು ಆಗಷ್ಟೇ ಎದ್ದು ಕಣ್ಣುಜ್ಜಿಕೊಳ್ಳುತ್ತದೆ.
ಪುಟಾಣಿ ಮಿನಿಗಳು ಕೂಡ ಟಾಟಾ ಮಾಡಿ ಹೋಗುತ್ತವೆ.
ನಲವತ್ತೊಂದಕ್ಕೆ ಹತ್ತು ಹಾಕಿ, ಮಾವ.'

ಹಾಕಬಹುದು. ಜಿಗಿಯುತ್ತದೆ.
ಆದರೆ ನೇರ ದಾರಿ ಮುಗಿಯಲು ಇನ್ನೂ ಇನ್ನೂರು ಗಜವಿರುವಾಗಲೇ
ಆರು ಸಾವಿರ ಮುಟ್ಟಿ ಉಸಿರು ಕಟ್ಟುತ್ತದೆ;
ಆಮೇಲೆ ಬರೀ ಕಿರುಚಾಟ, ವೇಗವಲ್ಲ.
ಜಿಗಿತ ಕೊಂಡವರು ಓಟ ಮಾರಬೇಕು,
ಈ ಅಂಗಡಿಯಲ್ಲಿ ಸಾಲವಿಲ್ಲ.

ಅವರಿಗೆ ಹೇಳಲಿಲ್ಲ ನಾನು ಇದನ್ನು:
ಇಪ್ಪತ್ತಾರರ ಹುರುಪಿನಲ್ಲಿ ನನ್ನ ಕಾರಿಗೆ
ನಲವತ್ತೊಂದಕ್ಕೆ ಒಂಬತ್ತು ತೊಡಿಸಿ
ಊನಾಳನ್ನು ಕೂರಿಸಿಕೊಂಡು ಡನೀಡನ್‌ಗೆ ಹೊರಟಿದ್ದೆ.
ಇನ್ನೂರು ಕಿಲೋಮೀಟರು. ಇಬ್ಬರ ನಡುವೆ
ಕಣಜದ ಗೂಡೊಂದು ಕೂತ ಹಾಗೆ ಸದ್ದು.
ಬಾಲ್ಕ್ಲೂಥಾದ ಸೇತುವೆ ದಾಟುವಾಗ ಅವಳು ಏನೋ ಅಂದಳು.
'ಏನು?' ಅಂದೆ.
ನೀರಿನ ಕಡೆ ನೋಡಿ, 'ಏನಿಲ್ಲ' ಅಂದಳು.
ತುಟಿ ಓದಿದ್ದಷ್ಟೇ ಆ ಎರಡನ್ನು.
ಮೊದಲಿನದು ಇವತ್ತಿಗೂ ಗೊತ್ತಿಲ್ಲ.

ಇರಲಿ.
ಬಳೆಯಂಥ ದೊಡ್ಡ ಚಕ್ರಕ್ಕೆ ಮೂವತ್ತೊಂಬತ್ತು ಹಲ್ಲು,
ಪಿನಿಯನ್ನಿಗೆ ಹನ್ನೊಂದು:
ಎಣ್ಣೆಕಾಗದ ಬಿಚ್ಚಿ ಬೆಂಚಿನ ಮೇಲಿಟ್ಟೆ.
ಕುರಿಯನ್ನು ನೋಡಿದಂತೆಯೇ ನೋಡಿದಳು ಐಲ್ಸಾ,
'ಪ್ರಾಯದ್ದೇ' ಅಂದಳು.

ಸರಿಯಾಗಿ ನಾಲ್ಕಕ್ಕೊಂದು ಲೆಕ್ಕ ಇಟ್ಟರೆ, ಕಿರ್ಸ್ಟಿ,
ಚಿಕ್ಕದರ ಒಂದು ಹಲ್ಲು ದೊಡ್ಡದರ ಅವೇ ನಾಲ್ಕನ್ನು
ಸಾಯುವ ತನಕ ಕಚ್ಚುತ್ತದೆ;
ಒಂದರ ಗಾಯ ಅವಕ್ಕೆ ಮಾತ್ರ ಆಸ್ತಿ.
ಇದು ಭಾಗವಾಗದ ಎಣಿಕೆ.
ಒಂದೊಂದು ಹಲ್ಲೂ ಎದುರಿನ ಎಲ್ಲವನ್ನೂ
ಒಮ್ಮೆ ಮುಟ್ಟಿ ಮಾತಾಡಿಸಿಯೇ
ಮೊದಲು ಕಂಡದ್ದರ ಬಳಿ ಮರಳುವುದು.
ಸವೆಯುತ್ತದೆ, ಹೌದು. ಎಲ್ಲವೂ ಒಂದೇ ಹದಕ್ಕೆ.

ಅವಳು ಫೋನು ನೋಡುತ್ತಿದ್ದಳು.

ಹಲ್ಲಿಗೆ ಹಳದಿ ಲೇಪ ಹಚ್ಚಿ, ಕೈಯಲ್ಲೇ ಸುತ್ತಿಸಿ,
ಗುರುತು ತುದಿಗೆ ಬಿತ್ತು. ಬಿಚ್ಚಿದೆ.
ಕೂದಲೆಳೆ ದಪ್ಪದ ತಗಡು ಸೇರಿಸಿದೆ, ಬುಡಕ್ಕಿಳಿಯಿತು. ಬಿಚ್ಚಿದೆ.
ಮೂರನೆಯ ಸಂಜೆ ನಟ್ಟನಡುವೆ
ಹೆಬ್ಬೆರಳೊತ್ತಿದ ಹಾಗೆ ಮೂಡಿತು.

ಕೂಲಿಯ ಮೇಲೆ ಒಂದು ಡಜನ್ ಬ್ಲಫ್ ಸಿಂಪಿ,
ಹಲ್ಲಿಲ್ಲದವನೂ ತಿನ್ನಬಹುದಾದ ಕಡಲೆ.

ಹದಿನೈದು ದಿನಕ್ಕೆ ಇಬ್ಬರೂ ಬಂದರು, ಬೇರೆ ಬೇರೆ ದಿನ.
ಸದ್ದು ಸ್ವಲ್ಪ ಜಾಸ್ತಿ ಅಂತ ಒಬ್ಬಳು,
ಎಳೆತ ಸ್ವಲ್ಪ ಕಮ್ಮಿ ಅಂತ ಇನ್ನೊಬ್ಬಳು.
ಹಾಗಾದರೆ ಸರಿಯಾಗಿದೆ ಅಂದುಕೊಂಡೆ.

'ಮಾತಾಡಿದರೆ ಕೇಳಿಸುತ್ತದಾ?' ಅಂತ ಕೇಳಿದೆ ಐಲ್ಸಾಳನ್ನು.
'ಯಾರ ಮಾತು?'
'ಪಕ್ಕ ಕೂತವರದು.'
'ಮೊನ್ನೆ ಇವಳು ಬಂದಿದ್ದಳು ಗೋರ್ ತನಕ,
ತಲೆ ತಿಂದಳು' ಅಂದಳು.

ಬಲಗಿವಿಯನ್ನು ಅವಳತ್ತ ತಿರುಗಿಸಿ
ಇನ್ನೊಮ್ಮೆ ಹೇಳಿಸಿಕೊಂಡೆ.